ಆಲ್ಫಾ ರೋಮಿಯೋ 1750 ಜಿಟಿವಿ: ಕೊಳ್ಳುವ ಮೊದಲು ಕಾಗದವನ್ನೂ ತಗಡನ್ನೂ ಓದುವ ಬಗೆ

ಬಾನೆಟ್ ಎತ್ತುವ ಮೊದಲು ನಂಬರ್ ಪ್ಲೇಟ್ ನೋಡಿ. 1968ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಮೊದಲ ಇಟಾಲಿಯನ್ ಪ್ಲೇಟ್ ಕಪ್ಪು ಬಣ್ಣದ್ದು, ಅದರ ಮೇಲೆ ಪ್ರಾಂತ್ಯದ ಗುರುತು: ಮಿಲಾನಿಗೆ ಎಂಐ, ಟುರಿನ್ನಿಗೆ ಟಿಓ. ಆಗೆಲ್ಲ ಕಾರು ಬೇರೆ ಪ್ರಾಂತ್ಯದ ಮಾಲೀಕರ ಕೈಗೆ ಹೋದರೆ ಪ್ಲೇಟೂ ಬದಲಾಗುತ್ತಿತ್ತು. ಮೊದಲ ಕಪ್ಪು ಪ್ಲೇಟ್ ಉಳಿದಿದ್ದರೆ ಕಾರು ದಶಕಗಳ ಕಾಲ ಒಂದೇ ಸೀಮೆಯಲ್ಲಿತ್ತು ಎನ್ನಬಹುದು.

ಆ ಪ್ಲೇಟ್ ನಂಬರ್ ಕೊಟ್ಟು, ಇಟಲಿಯ ಆಟೊಮೊಬೈಲ್ ಕ್ಲಬ್ (ಎಸಿಐ) ನಡೆಸುವ ವಾಹನ ನೋಂದಣಿ ದಫ್ತರು 'ಪ್ರಾ'ದಿಂದ 'ಎಸ್ತ್ರಾತ್ತೊ ಕ್ರೊನೊಲೊಜಿಕೊ' ತರಿಸಿಕೊಳ್ಳಿ. ಮೊದಲ ನೋಂದಣಿಯಿಂದ ಈಚೆಗಿನ ಮಾಲೀಕರ ಸರಣಿ ಅದರಲ್ಲಿರುತ್ತದೆ. 'ರಾದಿಯಾತಾ' ಎಂಬ ಪದ ಕಂಡರೆ ಅಲ್ಲೇ ನಿಲ್ಲಿ: ನೋಂದಣಿ ರದ್ದಾಗಿದೆ ಎಂದರ್ಥ. ತೆರಿಗೆ ಕಟ್ಟದೆ ರದ್ದಾಗಿದ್ದರೆ ಮರಳಿ ನೋಂದಾಯಿಸಲು ದಾರಿಯಿದೆ. ಗುಜರಿಗೆ ಹಾಕಿದ್ದೆಂದು ಬರೆದಿದ್ದರೆ ಆ ಕಾರನ್ನು ಬಿಟ್ಟುಬಿಡಿ.

ಆಮೇಲೆ ಮಿಲಾನ್ ಬಳಿಯ ಅರೇಸೆ ಊರಿನ ಆಲ್ಫಾ ದಾಖಲೆ ಕೇಂದ್ರಕ್ಕೆ ಚಾಸಿ ನಂಬರ್ ಬರೆದು ಕಳಿಸಿ. ತಯಾರಾದ ದಿನ, ಮೂಲ ಬಣ್ಣ, ಮೊದಲು ಮಾರಾಟವಾದ ಜಾಗ ತಿಳಿಯುತ್ತವೆ. ಮಾರುವವರು ಕೆಂಪು ಕಾರು ತೋರಿಸುತ್ತಿದ್ದು, ದಾಖಲೆ ಬಿಳಿ ಎಂದರೆ ಬೆಲೆಯ ಮಾತು ಬದಲಾಗಲೇಬೇಕು.

ಚಾಸಿ ನಂಬರನ್ನು ಎಂಜಿನ್ ಹಿಂದಿನ ಅಡ್ಡಗೋಡೆಯ ತಗಡಿಗೇ ಒತ್ತಿರುತ್ತಾರೆ. ಅದರ ಸುತ್ತ ವೆಲ್ಡಿಂಗ್ ಗೆರೆ, ಉಜ್ಜಿದ ಗುರುತು, ಒಂದೇ ಕಡೆ ದಪ್ಪ ಪೇಂಟ್ ಇರಬಾರದು. ಎಂಜಿನ್ ನಂಬರ್ ಎಆರ್ 00548ರಿಂದ ಶುರುವಾಗಬೇಕು. 00512 ಇದ್ದರೆ ಅದು ನಂತರ ಬಂದ '2000' ಮಾಡೆಲ್ಲಿನ ಎಂಜಿನ್. ಓಡಿಸಲು ಅಡ್ಡಿಯಿಲ್ಲ, ಆದರೆ ಮೂಲದ್ದೆಂದು ಹೇಳುವಂತಿಲ್ಲ.

ಹೆಚ್ಚು ಹೊತ್ತು ಕಳೆಯಬೇಕಾದದ್ದು ತುಕ್ಕಿನ ಮುಂದೆ. ಚಾಸಿ ನಂಬರ್ ಎಂದರೂ ಈ ಕಾರಿಗೆ ಪ್ರತ್ಯೇಕ ಚಾಸಿ ಚೌಕಟ್ಟು ಇಲ್ಲ; ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು, ಅವು ಹಲವು ಪದರದವು. ಹೊರಪದರ ಮಾತ್ರ ಹೊಸದಾಗಿ ಹಚ್ಚಿ ಒಳಗಿನ ಕೊಳೆತದ್ದನ್ನು ಮುಚ್ಚುವುದು ಹಳೆಯ ಚಾಳಿ. ಕಾರನ್ನು ಲಿಫ್ಟ್ ಮೇಲೇರಿಸಿ ಕೆಳಅಂಚು ನೋಡಿ: ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಸಣ್ಣ ಗುಂಡು ಗುಳಿಗಳ ಸಾಲಾಗಿ ಕಾಣುತ್ತದೆ, ಉದ್ದ ವೆಲ್ಡಿಂಗ್ ಗೆರೆ ಕಂಡರೆ ಯಾರೋ ಬಿಚ್ಚಿದ್ದಾರೆ. ಜಾಕ್ ಕೊಡುವ ಜಾಗ, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ, ಸ್ಟೆಪ್ನಿ ಗುಂಡಿ, ಮುಂಗಾಜಿನ ಕೆಳಮೂಲೆಗಳನ್ನೂ ಬಿಡಬೇಡಿ. ಗಾಜಿನ ಮುಂದಿನ ನೀರಿಳಿಯುವ ತೂತುಗಳಲ್ಲಿ ಎಲೆ ಕಟ್ಟಿಕೊಂಡರೆ ನೀರು ನಿಂತು ತಗಡು ಒಳಗಿನಿಂದಲೇ ಕೊಳೆಯುತ್ತದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸುಮಾರು 100ರಿಂದ 150 ಮೈಕ್ರಾನ್ ತೋರಿಸಿದರೆ ಮೂಲ ಪೇಂಟ್ ಇರಬಹುದು; 1000 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ.

ಎಂಜಿನ್ ಮುಟ್ಟಿದಾಗ ತಣ್ಣಗಿರಬೇಕು; ಮೊದಲೇ ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. 1779 ಸಿಸಿಯ ಈ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಇವೆರಡರ ನಡುವೆ ಆಯಿಲ್ ದಾಟುವ ದಾರಿಗಳಿಗೆ ಆರು ಪುಟ್ಟ ರಬ್ಬರ್ ಉಂಗುರಗಳಿವೆ. ಅವು ಗಟ್ಟಿಯಾದರೆ ಆಯಿಲ್ ಹೊರಗೆ ಜಿನುಗುತ್ತದೆ ಅಥವಾ ಕೂಲಂಟ್‌ಗೆ ಸೇರುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ಜಿಡ್ಡು ಇದೆಯೇ ನೋಡಿ. ಐಡಲ್ ಏರಿಳಿಯುತ್ತಿದ್ದರೆ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದುಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸುವ ಮುಂಚೆ ಕಾರ್ಬುರೇಟರ್ ಕೂರುವ ರಬ್ಬರ್ ಮೌಂಟುಗಳನ್ನು ಬಗ್ಗಿಸಿ ನೋಡಿ. ಬಿರುಕಿನಿಂದ ಗಾಳಿ ಎಳೆದುಕೊಂಡು ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್‌ಗೇ ಅಪಾಯ.

ರಸ್ತೆಯಲ್ಲಿ ಮೂರರಿಂದ ಎರಡನೇ ಗೇರಿಗೆ ಚುರುಕಾಗಿ ಇಳಿಸಿ. ತಣ್ಣಗಿದ್ದಾಗ ಕೊಂಚ ಕರಕರ ಎನ್ನುವುದು ಈ ಗೇರ್‌ಬಾಕ್ಸಿನ ಸ್ವಭಾವ. ಬಿಸಿಯಾದ ಮೇಲೂ ಎಂದರೆ ಎರಡನೇ ಗೇರಿನ ಸಿಂಕ್ರೊ (ಗೇರು ಕೂಡುವ ಮೊದಲು ವೇಗ ಹೊಂದಿಸುವ ಭಾಗ) ಸವೆದಿದೆ. ಅದರ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಓಡೊಮೀಟರ್ ಲಕ್ಷ ಕಿಲೋಮೀಟರಿಗೆ ಮತ್ತೆ ಸೊನ್ನೆಗೆ ಬರುತ್ತದೆ. 48,000 ಎಂದು ಕಂಡರೆ ಪೆಡಲ್ ರಬ್ಬರ್, ಚಾಲಕನ ಸೀಟಿನ ಅಂಚು, ಹಳೆಯ ಸರ್ವಿಸ್ ಬಿಲ್ಲುಗಳ ತಾರೀಖು ಮತ್ತು ಕಿಲೋಮೀಟರ್ ಒಟ್ಟಿಗಿಟ್ಟು ಹೋಲಿಸಿ. ಬಿಲ್ಲಿನಲ್ಲಿರುವ ಹೆಸರು ಎಸ್ತ್ರಾತ್ತೊದಲ್ಲಿ ಆ ವರ್ಷದ ಮಾಲೀಕರ ಹೆಸರಿಗೆ ತಾಳೆಯಾಗಬೇಕು. ಆಗದಿದ್ದರೆ ಮುಂಗಡ ಕೊಡುವ ಮೊದಲೇ ಕಾರಣ ಕೇಳಿ.