ಮೊಸರಿನ ಗಡಿಗೆಯಲ್ಲಿ ರೆಸಿನ್: ಹಳೇ ಬೋಟಿಗೆ ಹಿಂಹಲಗೆ ಕೂರಿಸಿದ ನನ್ನ ಅನುಭವ

ಇದು ಮೂರನೇ ಮಳೆಗಾಲ. ನನ್ನ ಬೋಟಿನ ಹಿಂಹಲಗೆ, ಅಂದರೆ ಇಂಜಿನ್ ಕೂರುವ ಹಿಂಬದಿಯ ಗೋಡೆ, ಕೂದಲೆಳೆಯಷ್ಟೂ ಅಲುಗಿಲ್ಲ. "ಫೈಬರ್ ಕೆಲಸ ಅಂದ್ರ ಕರಾವಳಿಯವರದು, ನಮ್ಮ ಬಿಸಿಲಾಗ ಅದು ಕೂಡೂದಿಲ್ಲ" ಅಂದವರೇ ಈಗ ವಿಜಯಪುರ ಜಿಲ್ಲೆಯ ಕೊಲ್ಹಾರದ ದಂಡೆಗೆ ಬಂದು, ಬೆರಳು ಮಡಚಿ ಹಲಗೆ ಬಡಿದು ನೋಡುತ್ತಾರೆ. ಟಣ್ ಟಣ್ ಅನ್ನುತ್ತದೆ. ಆ ಸದ್ದು ಕೇಳಿದಾಗೆಲ್ಲ ನನಗೆ ಹೊಟ್ಟೆ ತುಂಬುತ್ತದೆ.

ಬೋಟು 16 ಅಡಿಯದು. ಮೇಲೆ 15 ಹಾರ್ಸ್‌ಪವರಿನ ಎರಡು ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. 2019ರ ಪ್ರವಾಹದ ಮರುವರ್ಷ ಕರಾವಳಿಯಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದೆ. ಬೋಟು, ಇಂಜಿನ್, ಲಾರಿ ಬಾಡಿಗೆ ಎಲ್ಲ ಸೇರಿ 62 ಸಾವಿರದ ಹತ್ತಿರ ಬಿತ್ತು. ಆಲಮಟ್ಟಿ ಹಿನ್ನೀರಿನ ಆಚೆ ದಂಡೆಯಲ್ಲಿ ನಮ್ಮ ಹೊಲ ಇದೆ. ಸೇತುವೆ ಸುತ್ತಿ ಹೋಗುವುದಕ್ಕಿಂತ ನೀರಿನ ಮೇಲೆ ಹೋಗುವುದೇ ಹತ್ತಿರ. ಮೇವು, ಗೊಬ್ಬರ, ಆಳು, ಎಲ್ಲ ಇದರಲ್ಲೇ.

ಹಿಂಹಲಗೆ ಒಳಗೇ ಕೊಳೆತದ್ದು ಎರಡನೇ ವರ್ಷ ಆಷಾಢದ ಗಾಳಿಯಲ್ಲಿ ಗೊತ್ತಾಯಿತು. ಇಲ್ಲಿ ಹಿನ್ನೀರು ಸಮುದ್ರದ ಹಾಗೆ ಅಗಲ, ಗಾಳಿ ಎದ್ದರೆ ತೆರೆಯೂ ಏಳುತ್ತದೆ. ಪ್ರತಿ ತೆರೆಗೂ ಇಂಜಿನ್ ಹಿಂದಕ್ಕೆ ವಾಲಿ ಮುಂದಕ್ಕೆ ಬರುತ್ತಿತ್ತು. ಕ್ಲ್ಯಾಂಪ್ ಬಿಗಿ ಮಾಡಿದೆ, ಮರುದಿನ ಮತ್ತೆ ಸಡಿಲ. ಎರಡು ಫೈಬರ್ ಚರ್ಮದ ನಡುವೆ ಕಟ್ಟಿಗೆ ಇಟ್ಟು ಮಾಡಿದ ಹಲಗೆ ಅದು. ಡ್ರಿಲ್ ಹಾಕಿ ನೋಡಿದರೆ ಬಿಟ್ಟಿನ ಜೊತೆ ಬಂದದ್ದು ಕಟ್ಟಿಗೆಯ ಪುಡಿಯಲ್ಲ. ಸೋಸಿದ ಚಹಾ ಪುಡಿಯ ಹಾಗೆ ಕಪ್ಪಗೆ, ಒದ್ದೆ, ಕೆಟ್ಟ ವಾಸನೆ. ಆ ತೂತಿನಿಂದ ಒಂಬತ್ತು ದಿನ ನೀರು ತೊಟ್ಟಿಕ್ಕಿತು.

ಮೊದಲ ಸಲ ಮಾಡಿದ್ದು ಎಲ್ಲರೂ ಹೇಳುವ ಸುಲಭದ ದಾರಿ. ಸಾಲಾಗಿ ತೂತು ಹೊಡೆದು ಸಿರಿಂಜಿನಿಂದ ರೆಸಿನ್ (ಫೈಬರ್ ಕೆಲಸಕ್ಕೆ ಹಾಕುವ, ಆಮೇಲೆ ಗಟ್ಟಿಯಾಗುವ ಅಂಟುದ್ರವ) ತುಂಬಿದೆ. 2,800 ರೂಪಾಯಿ. ಒದ್ದೆ ಕಟ್ಟಿಗೆಗೆ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದೇ ಇಲ್ಲ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ 5 ಎಂಎಂ ಕಬ್ಬಿಣದ ಪ್ಲೇಟು ಮಾಡಿಸಿ ಒಳಗೂ ಹೊರಗೂ ಹಾಕಿ ಬೋಲ್ಟ್ ಬಿಗಿದೆ. 3,500 ಹೋಯಿತು. ನೋಡೋಕೆ ಗಟ್ಟಿ. ಆದರೆ ಬೋಲ್ಟ್ ಬಿಗಿದಷ್ಟೂ ಒಳಗಿನ ಕೊಳೆತದ್ದು ಕುಸಿಯುತ್ತಿತ್ತು. ಹಿಂಭಾರ ಬೇರೆ ಜಾಸ್ತಿಯಾಗಿ ಮೂತಿ ಮೇಲೆದ್ದು ಓಡುತ್ತಿತ್ತು.

ಒಬ್ಬ ಮೇಸ್ತ್ರಿ ಬಂದು ನೋಡಿ 45 ಸಾವಿರ ಕೇಳಿದರು, ಅದೂ ಗ್ಯಾರಂಟಿ ಇಲ್ಲ ಅಂತ. ದಂಡೆಯಲ್ಲಿ ಬಲೆ ಹೆಣೆಯುವ ಕಾಕಾ ಒಬ್ಬರು, "ಇದಕ್ಕ ರೊಕ್ಕಾ ಹಾಕೂದ ಬ್ಯಾಡೋ ತಮ್ಮಾ, ಕೋಳಿಗೆ ನೀರಿಡಾಕ ಇಟ್ಕೊ" ಅಂದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಳಗಿನದನ್ನೆಲ್ಲ ತೆಗೆದು ಹೊಸದಾಗಿಯೇ ಕೂರಿಸಬೇಕು ಅಂತ ಗಟ್ಟಿ ಮಾಡಿಕೊಂಡೆ.

ಒಳಗಿನ ಚರ್ಮವನ್ನು ಅಂಚಿನಿಂದ ಎರಡು ಇಂಚು ಬಿಟ್ಟು ನಾಲ್ಕಿಂಚಿನ ಗ್ರೈಂಡರಿನಲ್ಲಿ ಕತ್ತರಿಸಿದೆ. ಹೊರಗಿನ ಚರ್ಮ ಮುಟ್ಟಲಿಲ್ಲ. ಅದು ಹಾಗೇ ಇದ್ದರೆ ಬೋಟಿನ ಆಕಾರ ಕೆಡುವುದಿಲ್ಲ. ಕೊಳೆತದ್ದನ್ನು ಉಳಿಯಿಂದ ಕೆರೆದು ತೆಗೆಯಲು ನಾಲ್ಕು ದಿನ. ಫೈಬರ್ ಧೂಳು ಅಂದರೆ ಹುಡುಗಾಟವಲ್ಲ, ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಒಳ್ಳೇ ಮಾಸ್ಕ್ ತಗೊಳ್ಳಿ.

ಆಮೇಲೆ ಒಣಗಿಸುವುದು. ಇಲ್ಲಿ ನಾವು ಕರಾವಳಿಯವರಿಗಿಂತ ಪುಣ್ಯವಂತರು. ಏಪ್ರಿಲ್ ಬಿಸಿಲಿಗೆ ಬಿಟ್ಟೆ, 22 ದಿನ. ಒಣಗಿದೆಯೋ ಇಲ್ಲವೋ ನೋಡಲು ಮೀಟರ್ ಬೇಕಿಲ್ಲ. ಒಂದು ಗೇಣು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಒಳಗೆ ಹನಿ ಕಟ್ಟಿದರೆ ಇನ್ನೂ ಒದ್ದೆ. ನನಗೆ ಮೂರು ಸಲ ಹನಿ ಕಟ್ಟಿತು. ನಾಲ್ಕನೇ ಸಲ ಹಾಳೆ ಗರಿಗರಿ ಇತ್ತು.

ಅದೇ ಬಿಸಿಲು ರೆಸಿನ್‌ಗೆ ವೈರಿ. ಮಧ್ಯಾಹ್ನ ನೆರಳಲ್ಲೇ 41 ಡಿಗ್ರಿ ಇತ್ತು. ಬಕೆಟಿನಲ್ಲಿ ಎರಡು ಕೆಜಿ ರೆಸಿನ್ ಕಲಸಿದೆ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ರೂಢಿಯ ಹಾಗೆ ಎರಡು ಪರ್ಸೆಂಟ್. ಬ್ರಷ್ ತೆಗೆದುಕೊಂಡು ತಿರುಗುವಷ್ಟರಲ್ಲಿ ಗಂಜಿ ಹಾಗೆ ಗಟ್ಟಿ, ಆರು ನಿಮಿಷಕ್ಕೆ ಹೊಗೆ. ಬಕೆಟಿನ ತಳ ಕರಗಿ ನೆಲಕ್ಕೆ ಅಂಟಿತು. ಆರುನೂರು ರೂಪಾಯಿ ಕಣ್ಣೆದುರೇ ಸುಟ್ಟುಹೋಯಿತು. ನೋಡಲು ಬಂದಿದ್ದವರು ತಲೆ ಅಲ್ಲಾಡಿಸಿ ಎದ್ದು ಹೋದರು.

ಎರಡು ದಿನ ಸುಮ್ನೆ ಕೂತೆ. ಮೂರನೇ ದಿನ ಮೊಸರು ತರಲು ಹೋದಾಗ ಹೊಳೆಯಿತು. ಕೊಲ್ಹಾರದ ಮೊಸರು ಗೊತ್ತಲ್ವಾ, ಮಣ್ಣಿನ ಗಡಿಗೆಯಲ್ಲೇ ಮಾರುವುದು. ಬಿಸಿಲಲ್ಲೂ ಗಡಿಗೆಯ ಹೊಟ್ಟೆ ಮುಟ್ಟಿದರೆ ತಣ್ಣಗೆ. ದೊಡ್ಡ ಗಡಿಗೆ ತಂದು ಹಸಿ ಮರಳು ತುಂಬಿದೆ, ನಡುವೆ ರೆಸಿನ್ ಡಬ್ಬಿ ಹೂತೆ. ಮುಚ್ಚಳ ಬಿಗಿಯಾಗಿರಬೇಕು. ತೆಗೆಯುವ ಮೊದಲು ಡಬ್ಬಿಯ ಹೊರಮೈ ಒಣಬಟ್ಟೆಯಿಂದ ಒರೆಸಲೇಬೇಕು. ಒಂದು ಹನಿ ನೀರು ಬಿದ್ದರೂ ಆ ಜಾಗ ಅಂಟಂಟಾಗಿಯೇ ಉಳಿಯುತ್ತದೆ. ನನಗೆ ಒಂದು ಕಡೆ ಹಾಗಾಗಿ, ಕೆರೆದು ಮತ್ತೆ ಹಾಕಿದೆ.

ಕೆಲಸ ಬೆಳಗಿನ ಐದರಿಂದ ಎಂಟರವರೆಗೆ ಮಾತ್ರ. ಹಾರ್ಡ್‌ನರ್ ಒಂದು ಪರ್ಸೆಂಟ್, ಅದಕ್ಕಿಂತ ಕಡಿಮೆ ಮಾಡಿದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಒಂದು ಸಲಕ್ಕೆ 200 ಗ್ರಾಂ, ಅದಕ್ಕೆ ಔಷಧಿ ಅಂಗಡಿಯ ಸಿರಿಂಜಿನಿಂದ ಎರಡು ಎಂಎಲ್. ಲೋಟದಲ್ಲಿ ಕಲಸಬೇಡಿ, ಊಟದ ತಟ್ಟೆಯಂಥ ಅಗಲ ಪಾತ್ರೆಯಲ್ಲಿ ಕಲಸಿ. ಆಳದಲ್ಲಿ ಕಾವು ಕೂಡುತ್ತದೆ, ಅಗಲದಲ್ಲಿ ಹರಡಿ ಹೋಗುತ್ತದೆ. ನನಗೆ 20 ನಿಮಿಷಕ್ಕಿಂತ ಜಾಸ್ತಿ ಸಿಕ್ಕಿತು. ಇನ್ನೊಂದು ಮಾತು: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಬೇರೆಯಾಗಿ ಹಾಕುವವರು ಅದನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ಹಾರ್ಡ್‌ನರ್ ಹಾಕಿ. ಅವೆರಡೂ ನೇರವಾಗಿ ಕೂಡಿದರೆ ಬೆಂಕಿ ಏಳುತ್ತದೆ, ಸಿಡಿಯಲೂಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ಹಲಗೆಗೆ 18 ಎಂಎಂ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ಎರಡು ಪದರ. ಐಎಸ್ 710 ಅಂತ ಸೀಲು ಇರುವುದೇ ತಗೊಳ್ಳಿ. ಒಂದು ತುಂಡಿಗೆ ಬೇವಿನೆಣ್ಣೆ ಕುಡಿಸಿ ನೋಡಿದೆ, ನೇಗಿಲಿಗೆ ಹಚ್ಚುತ್ತೇವಲ್ಲ, ಹಾಗೆ. ಹುಳ ಬರಲಿಕ್ಕಿಲ್ಲ, ಆದರೆ ರೆಸಿನ್ ಸಿಪ್ಪೆಯಂತೆ ಕಿತ್ತು ಬಂತು. ಹಾಗಾಗಿ ಬರೀ ತೆಳು ರೆಸಿನ್ ಕುಡಿಸಿದೆ, ಅಂಚುಗಳಿಗೆ ಮೂರು ಸಲ. ಹೊರಚರ್ಮಕ್ಕೂ ಪ್ಲೈಗೂ ನಡುವೆ ರೆಸಿನ್‌ನಲ್ಲಿ ತೋಯಿಸಿದ ಮ್ಯಾಟ್ (ಗಾಜಿನ ನಾರಿನ ಹಾಳೆ) ಒಂದು ಪದರ, ಎರಡು ಪ್ಲೈ ನಡುವೆ ಇನ್ನೊಂದು. ಬಾಗಿದ ಚರ್ಮಕ್ಕೆ ಪ್ಲೈ ಎಲ್ಲೂ ಗಾಳಿ ಬಿಡದಂತೆ ಒತ್ತಿ ಕೂರಿಸಲು ನಾನು ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ದಂಡೆಗೆ ಬಂದವರಿಗೆ ತೋರಿಸುತ್ತೇನೆ. ಮೂಲೆ ತುಂಬುವ ಪುಟ್ಟಿಯಲ್ಲಿ ಟಾಲ್ಕ್ ಜೊತೆ ಇನ್ನೊಂದು ಬೀಳುತ್ತದೆ, ಅದೂ ನನ್ನ ಹತ್ತಿರವೇ ಇರಲಿ. ಮೇಲೆ 450 ಜಿಎಸ್ಎಂ (ಚದರ ಮೀಟರಿಗೆ 450 ಗ್ರಾಂ ತೂಗುವ) ಮ್ಯಾಟ್ ಐದು ಪದರ, ಒಂದಕ್ಕಿಂತ ಒಂದು ಎರಡಿಂಚು ಅಗಲ.

ಬೋಲ್ಟ್ ತೂತಿನ ವಿಷಯದಲ್ಲಿ ಮಾತ್ರ ಏನೂ ಮುಚ್ಚಿಡುವುದಿಲ್ಲ. ಹಳೇ ಹಲಗೆ ಕೊಳೆತದ್ದೇ ಅಲ್ಲಿಂದ. ಬೇಕಾದ್ದಕ್ಕಿಂತ ದೊಡ್ಡ ತೂತು ಹೊಡೆಯಿರಿ, ದಪ್ಪ ರೆಸಿನ್ ತುಂಬಿ ಗಟ್ಟಿಯಾಗಲು ಬಿಡಿ, ಆಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಹೊಡೆಯಿರಿ. ಬೋಲ್ಟಿನ ಪಕ್ಕ ನೀರು ಇಳಿದರೂ ಕಟ್ಟಿಗೆಗೆ ತಾಗುವುದಿಲ್ಲ. ಅರ್ಧ ದಿನದ ಕೆಲಸ, ಆದರೂ ಬಹಳ ಜನ ಬಿಡುತ್ತಾರೆ.

ಇಂಜಿನ್ ಕೆಲಸ ನಿಮಗೆಲ್ಲ ಗೊತ್ತಿರುವುದೇ. ವರ್ಷಕ್ಕೊಮ್ಮೆ ಇಂಪೆಲ್ಲರ್ (ಇಂಜಿನ್ ತಣ್ಣಗಿಡಲು ನೀರೆತ್ತುವ ರಬ್ಬರ್ ಚಕ್ರ) ಬದಲಿಸುತ್ತೇನೆ, ನಮ್ಮ ನೀರಿನಲ್ಲಿ ಎರೆಮಣ್ಣು ಜಾಸ್ತಿ. ಒಮ್ಮೆ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಇಂಪೆಲ್ಲರ್ ಮಾಡಿ ನೋಡಿದೆ, 20 ನಿಮಿಷಕ್ಕೆ ನೀರಿನ ಧಾರೆ ನಿಂತಿತು. ನೀರು ಸೇರಿ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದಕ್ಕೆ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಶಾಫ್ಟ್ ಪಾಲಿಶ್ ಮಾಡಿಸಿ ಸೀಲು ಹಾಕಿದೆ. ಅಲ್ಲಿಯ ಲೇತ್ ಕೆಲಸಕ್ಕೆ ಸಾಟಿಯಿಲ್ಲ. ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡುವುದಿಲ್ಲ, ಅದರಲ್ಲಿರುವ ಎಥನಾಲ್ ನೀರು ಹೀರುತ್ತದೆ.

ಫ್ಯಾನಿನ (ನೀರು ತಳ್ಳುವ ಪ್ರೊಪೆಲ್ಲರ್) ವಿಷಯದಲ್ಲಿ ದೊಡ್ಡ ತಪ್ಪು ಮಾಡಿದೆ. ಜಲಾಶಯ ತುಂಬಿದರೆ ಸಮುದ್ರ ಮಟ್ಟದಿಂದ 519.60 ಮೀಟರ್, ಆಗ ಚಿಂತೆ ಇಲ್ಲ. ಬೇಸಿಗೆಯಲ್ಲಿ ಇಳಿದಾಗ ಮುಳುಗಡೆಯಾದ ಊರಿನ ಗೋಡೆ, ಜಾಲಿ ಬೊಡ್ಡೆ ಎಲ್ಲ ನೀರಿನ ಕೆಳಗೇ ಕಾದಿರುತ್ತವೆ. ಒಂದು ಗೋಡೆಗೆ ಬಡಿದು ಫ್ಯಾನಿನ ರಬ್ಬರ್ ಬುಶ್ ಜಾರತೊಡಗಿತು. ಇಂಜಿನ್ ಕೂಗುತ್ತದೆ, ಬೋಟು ಹೋಗುವುದಿಲ್ಲ. ನಾನು ಬುಶ್ಶಿಗೆ ಅಡ್ಡ ಬೋಲ್ಟ್ ಹಾಕಿ ಬಿಗಿದೆ. ಮುಂದಿನ ಬೊಡ್ಡೆಗೆ ಬಡಿದಾಗ ಜಾರಲು ಜಾಗವಿಲ್ಲದೆ ಗೇರಿನ ಹಲ್ಲೇ ಮುರಿಯಿತು. 6,500. ಬುಶ್ ಇರುವುದೇ ಜೋರಾಗಿ ಬಡಿದಾಗ ಜಾರಿ ಗೇರು ಉಳಿಸಲಿಕ್ಕೆ.

ಹಲಗೆಯ ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಪ್ಲೈ 4,200, ರೆಸಿನ್ 12 ಕೆಜಿ 3,000, ಮ್ಯಾಟ್ 1,600, ಹಾರ್ಡ್‌ನರ್ ಅಸಿಟೋನ್ ಬ್ರಷ್ 1,500, ಗ್ರೈಂಡರ್ ಚಕ್ರ ಮತ್ತು ಮಾಸ್ಕ್ 700, ಸ್ಟೀಲ್ ಬೋಲ್ಟ್ 900. ಹನ್ನೆರಡು ಸಾವಿರದ ಒಳಗೆ. ತಪ್ಪು ಮಾಡಿ ಕಳೆದದ್ದು ಇದಕ್ಕಿಂತ ಜಾಸ್ತಿ.

ಇಂಜಿನ್ ಏರಿಸುವ ಮೊದಲು ಪರೀಕ್ಷೆ ಮಾಡಿದೆ. ಹಲಗೆಗೆ ನಾಲ್ಕು ಅಡಿ ತೊಲೆ ಬಿಗಿದು, ತುದಿಗೆ 50 ಕೆಜಿ ಡಿಎಪಿ ಚೀಲ ತೂಗುಬಿಟ್ಟೆ. ಹಲಗೆಯ ಅಂಚಿಗೂ ಬೋಟಿನ ಪಕ್ಕದ ಗೋಡೆಗೂ ಸೇರಿಸಿ ಪೆನ್ಸಿಲ್ ಗೆರೆ ಎಳೆದಿದ್ದೆ. ಮೊದಲು ಇದೇ ಚೀಲಕ್ಕೆ ಗೆರೆ ಒಂದು ಬೆರಳು ಸರಿಯುತ್ತಿತ್ತು. ಈ ಸಲ ಕಾಕಾ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಗೆರೆ ಇದ್ದಲ್ಲೇ ಇತ್ತು. "ಇನ್ನೊಂದು ಚೀಲ ಹಾಕೋ" ಅಂದರು. ಹಾಕಿದೆ. ಆಗಲೂ ಅಷ್ಟೇ. ಮುಂದಿನ ವಾರ ತಮ್ಮ ಬೋಟನ್ನೂ ಎಳೆಸಿಕೊಂಡು ಬಂದರು. ಅದರ ಒಳಗೆ ಇನ್ನೂ ನೀರಿತ್ತು, ವಾಪಸ್ ಕಳಿಸಿದೆ. ಬರುವ ಏಪ್ರಿಲ್‌ಗೆ ತನ್ನಿ ಕಾಕಾ, ಗಡಿಗೆ ಇಟ್ಟಿರುತ್ತೇನೆ ಅಂದೆ.