ಟಿವಿಯಲ್ಲಿ ಯಕ್ಷಗಾನದ ಆಟ ನೋಡುವ ಕ್ರಮ, ದೂರದರ್ಶನಕ್ಕೆ ಬೆಂಬಲವಾಗುವ ಕ್ರಮ

ಮಳೆ ಹಿಡಿಯುವ ಹೊತ್ತಿಗೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸುತ್ತವೆ. ಆಮೇಲಿನ ತಿಂಗಳುಗಳಲ್ಲಿ ಶಿರಸಿ, ಸಿದ್ದಾಪುರದ ಕಡೆಯ ಒಂಟಿ ಮನೆಗಳಲ್ಲಿ ಯಕ್ಷಗಾನವನ್ನೋ ನಾಟಕವನ್ನೋ ನೋಡಬೇಕೆಂದರೆ ಚಂದಾ ಕೇಳದೆ ತೋರಿಸುವ ದೂರದರ್ಶನದ ಚಂದನ ಮತ್ತು ಡಿಡಿ ಭಾರತಿ ವಾಹಿನಿಗಳು ಒಳ್ಳೆಯ ಆಸರೆ.

ದೂರದರ್ಶನದ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ. ಡಿಶ್ ಮತ್ತು ಸೆಟ್ ಟಾಪ್ ಬಾಕ್ಸ್‌ಗೆ ಒಮ್ಮೆ ಕೊಟ್ಟ ಹಣವೇ ಖರ್ಚು. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲವಾದ್ದರಿಂದ ಎಂಪೆಗ್-4 ಬಾಕ್ಸನ್ನೇ ಕೇಳಿ ಕೊಳ್ಳಬೇಕು. ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಡಿಶ್ ಆಗ್ನೇಯಕ್ಕೆ ಮುಖ ಮಾಡಿರಬೇಕು. ಉಪಗ್ರಹದ ಎತ್ತರ ಸುಮಾರು 60 ಡಿಗ್ರಿಯಾದ್ದರಿಂದ ದೂರದ ಗುಡ್ಡ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮನೆಗೆ ತಾಗಿದ ಅಡಿಕೆ ಮರದ ಸೋಗೆ. ಕೇಬಲ್ ಮನೆಯೊಳಗೆ ಬರುವಲ್ಲಿ ಸ್ವಲ್ಪ ಜೋತು ಬಿಟ್ಟರೆ ಮಳೆಯ ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಜಡಿಮಳೆಯಲ್ಲಿ ಸಿಗ್ನಲ್ ಹೋಗುವುದಕ್ಕೆ ಮಾತ್ರ ಮದ್ದಿಲ್ಲ. ಆಟಕ್ಕೆ ಟಿವಿಯನ್ನು ನೆಚ್ಚುವ ಕಾಲದಲ್ಲೇ ಟಿವಿ ಕೈಕೊಡುತ್ತದೆ. ಅಂಥ ದಿನಗಳಿಗೆಂದು, ಮೊಬೈಲ್ ನೆಟ್‌ವರ್ಕ್ ಉಳಿದಿದ್ದರೆ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ಆರಂಭಿಸಿದ ವೇವ್ಸ್ ಆ್ಯಪ್ ಇದೆ, ಯೂಟ್ಯೂಬಿನ ಚಂದನ ಪುಟವಿದೆ.

ಸಂಪರ್ಕ ಸರಿಯಾದ ಮೇಲೆ ಟಿವಿಯನ್ನು ಹದಗೊಳಿಸುವ ಕೆಲಸವಿದೆ. ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಹಳೆಯ ಚಿತ್ರೀಕರಣಗಳು 4:3 ಅಳತೆಯವು. ಇಂದಿನ ಅಗಲ ಟಿವಿ ಅವನ್ನು ಎಳೆದು ತುಂಬಿಸಿದಾಗ ಕಿರೀಟ ಕುಳ್ಳಗಾಗುತ್ತದೆ, ಸ್ತ್ರೀವೇಷಧಾರಿಯೂ ರಾಕ್ಷಸ ಪಾತ್ರದ ಬಣ್ಣದ ವೇಷದಷ್ಟೇ ದಪ್ಪವಾಗುತ್ತಾನೆ. ಆದ್ದರಿಂದ ಪಿಕ್ಚರ್ ಸೈಜನ್ನು 4:3ಕ್ಕೆ ಇಟ್ಟು, ಎರಡು ಪಕ್ಕದಲ್ಲಿ ಉಳಿಯುವ ಕಪ್ಪನ್ನು ರಂಗಸ್ಥಳದ ಆಚೆಯ ಕತ್ತಲೆಯೆಂದು ಒಪ್ಪಿಕೊಳ್ಳುವುದೇ ಮೇಲು. ‘ವಿವಿಡ್’ ಎಂಬ ಬಣ್ಣದ ಆಯ್ಕೆ ಮುಖವರ್ಣಿಕೆಯ ಕೆಂಪನ್ನು ಕಲಸಿಬಿಡುವುದರಿಂದ ಅದನ್ನು ತೆಗೆಯಬೇಕು. ಟಿವಿಯ ತೆಳುವಾದ ಸ್ಪೀಕರಿನಲ್ಲಿ ಚಂಡೆ ಕೇಳಿಸೀತು, ಮದ್ದಳೆಯ ಎಡಭಾಗದ ತುಂಬುನಾದ ಕೇಳಿಸದು. ಮನೆಯಲ್ಲಿ ಹಳೆಯ ಸ್ಪೀಕರ್ ಇದ್ದರೆ ಜೋಡಿಸುವುದು ಒಳ್ಳೆಯದು.

ನೋಡುವ ಕ್ರಮವೂ ಧಾರಾವಾಹಿಯದಲ್ಲ. ಆಟಕ್ಕೆ ಹೋದಾಗ ಎಲ್ಲಿ ನೋಡಬೇಕೆಂಬುದು ನಮ್ಮ ಇಚ್ಛೆ. ಟಿವಿಯಲ್ಲಿ ಅದನ್ನು ಕ್ಯಾಮೆರಾ ತೀರ್ಮಾನಿಸುತ್ತದೆ. ಕ್ಯಾಮೆರಾ ಮುಖಕ್ಕೆ ಅಂಟಿಕೊಂಡಾಗ ಹೆಜ್ಜೆ ತಪ್ಪಿಹೋಗುತ್ತದೆ, ಆಗ ಕಿವಿಯನ್ನು ಮದ್ದಳೆಗೆ ಕೊಟ್ಟರೆ ಕಾಣದ ಕುಣಿತವೂ ಅರ್ಧದಷ್ಟು ತಿಳಿಯುತ್ತದೆ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಟಿವಿಗಾಗಿ ಬಹಳ ಕತ್ತರಿಸಿರುವುದರಿಂದ ಮಕ್ಕಳಿಗೆ ಕಥೆಯನ್ನು ಮೊದಲೇ ಹೇಳಿಡಬೇಕು. ನೆರೆಮನೆಯವರನ್ನು ಜಗುಲಿಗೆ ಕರೆದು, ಎಲೆ ಅಡಿಕೆಯ ಕವಳದ ಬಟ್ಟಲಿಟ್ಟು, ಫೋನುಗಳನ್ನು ಒಳಗಿಟ್ಟು ನೋಡುವುದು ನನ್ನ ರೂಢಿ. ಒಬ್ಬರೇ ನೋಡಿದರೆ ಹಾಸ್ಯಗಾರನ ಮಾತು ಬಿದ್ದಲ್ಲೇ ಬಿದ್ದಿರುತ್ತದೆ.

ಇನ್ನು ಬೆಂಬಲದ ಮಾತು. ಬ್ರಿಟನ್ನಿನಲ್ಲಿ ಟಿವಿಗೆ ಪರವಾನಗಿ ಶುಲ್ಕವಿದೆ, ಅಮೆರಿಕದಲ್ಲಿ ವೀಕ್ಷಕರು ದೇಣಿಗೆ ಕೊಡುತ್ತಾರೆ. 1990ರ ಕಾಯ್ದೆಯಂತೆ 1997ರಲ್ಲಿ ಅಸ್ತಿತ್ವಕ್ಕೆ ಬಂದ ಪ್ರಸಾರ ಭಾರತಿ ನಡೆಯುವುದು ಮುಖ್ಯವಾಗಿ ಸರ್ಕಾರದ ಅನುದಾನ ಮತ್ತು ಜಾಹೀರಾತಿನಿಂದ. ವೀಕ್ಷಕರ ಸಂಖ್ಯೆಯನ್ನು ಮಾಪಕ ಕೂರಿಸಿದ ಆಯ್ದ ಮನೆಗಳಿಂದ ಅಂದಾಜು ಮಾಡುವುದರಿಂದ ನಮ್ಮ ಜಗುಲಿಯ ಹದಿನೈದು ಮಂದಿ ಯಾವ ಲೆಕ್ಕದಲ್ಲೂ ಇಲ್ಲ. ಆದ್ದರಿಂದ ಬರೆದೇ ತಿಳಿಸಬೇಕು. ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಬರೆಯುವ ಪತ್ರದಲ್ಲಿ ‘ಕಾರ್ಯಕ್ರಮ ಚೆನ್ನಾಗಿತ್ತು’ ಎಂದರೆ ಸಾಲದು. ಪ್ರಸಾರದ ದಿನಾಂಕ, ಪ್ರಸಂಗ, ಎಷ್ಟು ಜನ ನೋಡಿದರೆಂಬುದು, ಮುಂದೆ ಏನು ಬೇಕೆಂಬುದು ಎಲ್ಲವೂ ಇರಬೇಕು. ಉದಾಹರಣೆಗೆ, ಯಕ್ಷಗಾನ ಕಲಾವಿದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹಳೆಯ ಧ್ವನಿಮುದ್ರಣ, ಚಿತ್ರೀಕರಣಗಳೇನಾದರೂ ಸಂಗ್ರಹದಲ್ಲಿದ್ದರೆ ಪ್ರಸಾರ ಮಾಡಿ ಎಂದು ಕೇಳಬಹುದು. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ. ಆದರೆ ಅದನ್ನೇ ಮೊದಲ ಹೆಜ್ಜೆ ಮಾಡುವುದು ಸಭ್ಯತೆಯಲ್ಲ.

ಕೇಬಲ್ ಇರುವ ಕಾರವಾರ, ಕುಮಟಾದ ಮನೆಗಳವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಸರ್ಕಾರ ಅಧಿಸೂಚಿಸಿದ ದೂರದರ್ಶನ ವಾಹಿನಿಗಳನ್ನು ತೋರಿಸುವುದು 1995ರ ಕೇಬಲ್ ಕಾಯ್ದೆಯಂತೆ ಕಡ್ಡಾಯ. ಹಾಗೆಯೇ ಹರಕೆ ಆಟಕ್ಕೆ ಹಣ ಕೂಡಿಸುವ ಸಹಕಾರಿ ಸಂಘಗಳು, ಅಂಗಡಿಕಾರರು ಒಂದು ರಂಗ ಕಾರ್ಯಕ್ರಮಕ್ಕೆ ಪ್ರಾಯೋಜಕರಾಗುವ ಯೋಚನೆಯನ್ನೂ ಮಾಡಬಹುದು; ಅದರ ದರಪಟ್ಟಿಯನ್ನು ದೂರದರ್ಶನದಿಂದಲೇ ಕೇಳಿ ಪಡೆಯಬೇಕು.