ಗೋವಿಂದಮ್ಮನ ಹೆಸರಲ್ಲಿ ಎಷ್ಟು ಅಕ್ಷರ?

ತುಮಕೂರು ಜಿಲ್ಲೆಯ ಒಂದು ಹಾಲು ಉತ್ಪಾದಕರ ಸಂಘಕ್ಕೆ ನಾನು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ದಿನಕ್ಕೆ ಎರಡು ಹೊತ್ತು ಅಳೆಯುವ ಹಾಲಿನ ಲೆಕ್ಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), 15 ದಿನಕ್ಕೊಮ್ಮೆ ಬಟವಾಡೆ. ಅಷ್ಟೇ ಕೆಲಸ. ಮೊದಲ ಬಟವಾಡೆ ಆದ ಮಾರನೇ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು.

"ನೋಡಪ್ಪಾ, ಗೋವಿಂದಮ್ಮ ಪಾಸ್ ಪುಸ್ತಕ ಹಿಡ್ಕೊಂಡು ಬಂದವ್ರೆ. ದುಡ್ಡು ಬಂದಿಲ್ವಂತೆ. ಇನ್ನೂ ಸುಮಾರು ಜನ ಹೊರಗಡೆ ನಿಂತವ್ರೆ."

ಗೋವಿಂದಮ್ಮ ಅನ್ನೋದು ನಾನು ಇಲ್ಲಿ ಬದಲಾಯಿಸಿ ಬರೆಯುತ್ತಿರುವ ಹೆಸರು. ಆದರೆ ಅವರ ನಿಜವಾದ ಹೆಸರೂ ಇದೇ 'ಗೋ' ಅಕ್ಷರದಿಂದ ಶುರುವಾಗುತ್ತದೆ. ಇಡೀ ಕಥೆ ನಿಂತಿರುವುದು ಆ ಅಕ್ಷರದ ಮೇಲೆ.

ಸಂಘದಲ್ಲಿ 214 ಸದಸ್ಯರು. ಅವರಲ್ಲಿ 58 ಜನಕ್ಕೆ ದುಡ್ಡು ಹೋಗಿರಲಿಲ್ಲ. ಹಿಂಡಿ, ಬೂಸಾ ಅಂಗಡಿಯ ಬಾಕಿಯನ್ನು ಬಟವಾಡೆಯ ದಿನವೇ ತೀರಿಸುವ ಮನೆಗಳು ಅವು. ಎರಡು ದಿನ ತಡವಾದರೂ ಅಂಗಡಿಯವನ ಮುಂದೆ ಮಾತು ಕೇಳಬೇಕು. ನಾನು ಅವತ್ತೇ ಬಸ್ ಹತ್ತಿದೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಸಂಘದ ಸದಸ್ಯರ ಪಟ್ಟಿ ಹಳೇ ಕಂಪ್ಯೂಟರ್‌ನಲ್ಲಿ ನುಡಿ ಫಾಂಟ್‌ನಲ್ಲಿತ್ತು. ಬ್ಯಾಂಕ್ ಖಾತೆಗಳ ಪಟ್ಟಿಯನ್ನು ಊರಿನ ಒಬ್ಬ ಹುಡುಗ ಹೊಸದಾಗಿ ಮೊಬೈಲ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದ. ಆ ಪಟ್ಟಿಯಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ಖಾತೆ ಸಂಖ್ಯೆ ಇತ್ತು. ಸದಸ್ಯತ್ವದ ಸಂಖ್ಯೆ ಇರಲಿಲ್ಲ. ಹಾಗಾಗಿ ಎರಡೂ ಪಟ್ಟಿಯನ್ನು ಹೆಸರಿನಿಂದಲೇ ಜೋಡಿಸಬೇಕಿತ್ತು.

ಹಳೇ ನುಡಿ ಫೈಲ್‌ನ ಫಾಂಟ್ ಬದಲಾಯಿಸಿ ನೋಡಿದವರಿಗೆ ಗೊತ್ತಿರುತ್ತದೆ. ಕನ್ನಡ ಮಾಯವಾಗುತ್ತದೆ. ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಮಧ್ಯೆ ಪೌಂಡ್ ಗುರುತು ಕಾಣುತ್ತವೆ. ನಮ್ಮ 'ನ' ಆ ಫೈಲ್‌ನಲ್ಲಿ ಕೂತಿರುವುದೇ ಪೌಂಡ್ ಗುರುತಿನ ಜಾಗದಲ್ಲಿ. ಅಂದರೆ ಫೈಲ್‌ನಲ್ಲಿ ಕನ್ನಡ ಇರಲೇ ಇಲ್ಲ, ಇದ್ದದ್ದು ಫಾಂಟ್‌ನಲ್ಲಿ. ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುವುದೇ ದೊಡ್ಡ ವಿಷಯವಾಗಿದ್ದ ಕಾಲದಲ್ಲಿ ಅದು ತುಂಬಾ ಜಾಣತನದ ದಾರಿ. ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಹಳ್ಳಿಯ ಸಂಘಗಳಲ್ಲಿ ಕನ್ನಡದ ಲೆಕ್ಕ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ನಂತರದ ನುಡಿಯಲ್ಲಿ ಯೂನಿಕೋಡ್, ಅಂದರೆ ಎಲ್ಲಾ ಭಾಷೆಗಳ ಅಕ್ಷರಕ್ಕೂ ಸಾಮಾನ್ಯವಾದ ಸಂಕೇತ ಪದ್ಧತಿ, ಕೂಡ ಇದೆ. ಹಳೇ ಫೈಲ್‌ಗಳು ಮಾತ್ರ ಹಾಗೇ ಉಳಿದಿವೆ.

ಆ ಫೈಲ್ ಅನ್ನು ಯೂನಿಕೋಡ್‌ಗೆ ತರಲು ನಾನೇ ಒಂದು ಪರಿವರ್ತಕ ಬರೆದೆ. ಮೊದಲ ಸಲ ಓಡಿಸಿದಾಗ 'ಕರ್ನಾಟಕ' ಹೋಗಿ 'ಕನಾರ್ಟಕ' ಆಯಿತು. ಕೃಷ್ಣಮೂರ್ತಿ ಅವರು 'ಕೃಷ್ಣಮೂತಿರ್' ಆದರು. ಕಾರಣ ಅರ್ಕಾವೊತ್ತು. ನಾವು ಕೈಯಲ್ಲಿ ಬರೆಯುವಾಗ ಅದನ್ನು ಅಕ್ಷರ ಆದ ಮೇಲೆ ಹಾಕುತ್ತೇವೆ. ಹಳೇ ಫಾಂಟ್‌ನಲ್ಲೂ ಅದು ಹಾಗೇ, ಬರೆದ ಕ್ರಮದಲ್ಲೇ ಇರುತ್ತದೆ. ಯೂನಿಕೋಡ್ ಮಾತ್ರ ಬಾಯಿಂದ ಬರುವ ಕ್ರಮ ಕೇಳುತ್ತದೆ: ಮೊದಲು ರ್, ಆಮೇಲೆ ನಾ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಬೇಗ ಸಿಕ್ಕಿತು, ಸರಿ ಮಾಡಿದೆ. ಪಟ್ಟಿ ಮುದ್ರಿಸಿ ಕಾರ್ಯದರ್ಶಿಗಳ ಕೈಗೆ ಕೊಟ್ಟೆ. ಅವರು ಒಂದೊಂದೇ ಹೆಸರು ಓದಿ, ಎಲ್ಲಾ ಸರಿಯಿದೆ ಅಂದರು. ಬಹುಪಾಲು ಸರಿಯಾಗಿಯೇ ಇತ್ತು, ಓದುವವರ ಕಣ್ಣಿಗೆ.

ಸಂಘಕ್ಕೆ ಹೋಗಿ ಕೂತಾಗ ಮಧ್ಯಾಹ್ನ ಆಗಿತ್ತು. ಪರದೆಯ ಮೇಲೆ ಎರಡು ಪಟ್ಟಿ. ಎಡಗಡೆ ಗೋವಿಂದಮ್ಮ, ಬಲಗಡೆ ಗೋವಿಂದಮ್ಮ. ಒಂದು ಚುಕ್ಕೆಯಷ್ಟೂ ವ್ಯತ್ಯಾಸ ಇಲ್ಲ. ಆದರೂ ಎರಡೂ ಒಂದೇನಾ ಅಂತ ಕೇಳಿದರೆ ಪ್ರೋಗ್ರಾಂ ಅಲ್ಲ ಅನ್ನುತ್ತಿತ್ತು. ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಇದೆಯಾ ನೋಡಿದೆ, ಇಲ್ಲ. ಡೇಟಾಬೇಸ್ ಬದಲಾಯಿಸಿ ನೋಡಿದೆ, ಅದೇ ಕಥೆ. ಸುಮ್ನೆ ಎರಡು ಗಂಟೆ ಹೋಯಿತು.

ದಾರಿ ತೋರಿಸಿದ್ದು ಕಾರ್ಯದರ್ಶಿಗಳು. 30 ವರ್ಷ ಲೆಡ್ಜರ್ ಬರೆದವರು. ದುಡ್ಡು ಹೋಗದವರ ಪಟ್ಟಿ ಓದುತ್ತಾ ಕೂತಿದ್ದರು: ಗೋವಿಂದಮ್ಮ, ಸೋಮಣ್ಣ, ಲೋಕೇಶ, ವೀರಭದ್ರಯ್ಯ, ಸೀತಮ್ಮ, ರೇಣುಕಮ್ಮ, ಭೈರಯ್ಯ.

"ಇವ್ರೆಲ್ಲಾ ದೀರ್ಘದೋರೇ ಅಲ್ವೇನಪ್ಪಾ?" ಅಂದರು.

ನಾನು ದುಡ್ಡು ಹೋದವರ ಪಟ್ಟಿ ತೆಗೆದೆ. ನಂಜಮ್ಮ, ಮಂಜುಳ, ಗಿರಿಯಪ್ಪ. ಹೌದಲ್ಲ ಅನ್ನಿಸಿತು. ಆದರೆ ಅದರಲ್ಲೇ ರಾಮಯ್ಯ, ಶಾರದಮ್ಮ, ಕೃಷ್ಣಮೂರ್ತಿ ಇದ್ದರು. ಅವರೂ ದೀರ್ಘದವರೇ. ಗೌರಮ್ಮನಿಗೂ ದುಡ್ಡು ಹೋಗಿತ್ತು. ಇತ್ತ ದುಡ್ಡು ಹೋಗದವರಲ್ಲಿ ದೊಡ್ಡಯ್ಯ ಇದ್ದ, ಆ ಹೆಸರಲ್ಲಿ ದೀರ್ಘವೇ ಇಲ್ಲ. ಆದರೂ ಅವರ ಮಾತಿನಲ್ಲಿ ಏನೋ ಇತ್ತು. ತಪ್ಪು ಇರುವುದು ಹೆಸರಿನಲ್ಲಲ್ಲ, ಸ್ವರದ ಗುರುತಿನಲ್ಲಿ ಅನ್ನೋದು ಅಲ್ಲಿಗೆ ಗೊತ್ತಾಯಿತು.

ಆಗ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಎರಡೂ 'ಗೋ' ತೆಗೆದುಕೊಂಡು ಅವುಗಳ ಒಳಗಿನ ಸಂಖ್ಯೆಗಳನ್ನು ಮುದ್ರಿಸಿದೆ. ಯೂನಿಕೋಡ್‌ನಲ್ಲಿ ಪ್ರತಿ ಗುರುತಿಗೂ ಒಂದು ಸಂಖ್ಯೆ ಇರುತ್ತದೆ. ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327. ಮೊಬೈಲ್‌ನಲ್ಲಿ ಟೈಪ್ ಮಾಡಿದ 'ಗೋ' ಹೀಗಿತ್ತು: 3223, 3275. ನನ್ನ ಪರಿವರ್ತಕದಿಂದ ಬಂದ 'ಗೋ' ಹೀಗಿತ್ತು: 3223, 3270, 3266, 3285.

ಎರಡು ಸಂಖ್ಯೆ ಒಂದು ಕಡೆ, ನಾಲ್ಕು ಸಂಖ್ಯೆ ಇನ್ನೊಂದು ಕಡೆ. ಪರದೆ ಮೇಲೆ ಎರಡೂ 'ಗೋ'.

ಹೀಗ್ಯಾಕೆ ಆಯಿತು ಅಂದರೆ, ಹಳೇ ಫಾಂಟ್ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತದೆ. ಗ ಒಂದು ತುಂಡು, ಎತ್ವ ಒಂದು, ಕೊಂಬಿನ ಇಳಿ ಒಂದು, ಕೊನೆಗೆ ದೀರ್ಘದ ಗುರುತು ಒಂದು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಾಗುಣಿತ ಹೇಳಿಕೊಟ್ಟ ಹಾಗೇ. ನಾನು ಪ್ರತಿ ತುಂಡಿಗೂ ಸಮನಾದ ಯೂನಿಕೋಡ್ ತುಂಡು ಹಾಕಿದ್ದೆ. ೀ, ೇ, ೈ, ೊ, ೋ ಈ ಐದು ಗುರುತುಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ತುಂಡುಗಳಾಗಿಯೂ ಬರೆಯಬಹುದು. ಎರಡೂ ಒಂದೇ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಆ ನಿಯಮ ಪಾಲಿಸುವ ಜವಾಬ್ದಾರಿ ಪ್ರೋಗ್ರಾಂ ಬರೆಯುವವನದು. ಸುಮ್ಮನೆ ಎರಡು ಸಾಲು ಅಕ್ಷರ ಹೋಲಿಸಿದರೆ ಕಂಪ್ಯೂಟರ್ ನೋಡುವುದು ಸಂಖ್ಯೆ ಮಾತ್ರ.

ಈಗ ಎಲ್ಲಾ ಕೂಡಿ ಬಂತು. ರಾಮಯ್ಯನ ಇಳಿ, ಮೂರ್ತಿಯ ಕೊಂಬಿನ ಇಳಿ, ಗೌರಮ್ಮನ ಔತ್ವ, ಇವು ಯಾವಾಗಲೂ ಒಂದೇ ತುಂಡು. ಅವರು ಪಾರಾದರು. ದೊಡ್ಡಯ್ಯನ ಒತ್ವ ಎರಡು ತುಂಡು, ಅವನು ಸಿಕ್ಕಿಕೊಂಡ. ಗೋವಿಂದಮ್ಮ ಅನ್ನೋ ಹೆಸರು ಒಂದು ಕಡೆ 9 ಗುರುತು, ಇನ್ನೊಂದು ಕಡೆ 11.

ಸರಿ ಮಾಡಲು ಬೇಕಾಗಿದ್ದು ಒಂದು ಸಾಲು. ಎರಡೂ ಪಟ್ಟಿಯನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸೇಷನ್ ಅನ್ನುತ್ತಾರೆ. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯಲ್ಲಿ ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್ ಜೊತೆಗೇ ಬರುತ್ತದೆ, ಅದರಲ್ಲಿ ಎನ್‌ಎಫ್‌ಸಿ ಅಂತ ಕೇಳಿದರೆ ತುಂಡುಗಳೆಲ್ಲಾ ಸೇರಿ ಇಡಿಯಾಗುತ್ತವೆ. ಹಾಕಿದೆ. 58 ಹೆಸರುಗಳಲ್ಲಿ 51 ಕೂಡಿಕೊಂಡವು. ಕಾರ್ಯದರ್ಶಿಗಳು ಗೋವಿಂದಮ್ಮನ ಹೆಸರಿನ ಮೇಲೆ ಬೆರಳಿಟ್ಟು, "ಬಂತು" ಅಂದರು. ಅವತ್ತು ಸಂಜೆಯೇ ಬ್ಯಾಂಕಿಗೆ ಎರಡನೇ ಪಟ್ಟಿ ಹೋಯಿತು.

ಉಳಿದ 7 ಹೆಸರಲ್ಲಿ ಎರಡು ಗಂಗಮ್ಮಂದಿರು. ಅವರದು ಬೇರೆ ಕಥೆ. ಆ ಹುಡುಗ ಸೊನ್ನೆ ಹಾಕುವ ಕಡೆ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದ. ಗಂ ಬರೆಯುವಾಗ ಬರುವ ಅನುಸ್ವಾರದ ಸಂಖ್ಯೆ 3202. ಅಂಕಿ ೦ ಸಂಖ್ಯೆ 3302. ನಾವು ಎರಡನ್ನೂ ಬಾಯಲ್ಲಿ ಸೊನ್ನೆ ಅಂತಲೇ ಕರೆಯುತ್ತೇವಲ್ಲ, ಅವನದು ಸಹಜವಾದ ತಪ್ಪು. ಇದನ್ನು ನಾರ್ಮಲೈಸೇಷನ್ ಸರಿ ಮಾಡುವುದಿಲ್ಲ, ಯಾಕೆಂದರೆ ಯೂನಿಕೋಡ್ ಪ್ರಕಾರ ಅವು ನಿಜವಾಗಿಯೂ ಬೇರೆ ಬೇರೆ. ಅಕ್ಷರದ ಪಕ್ಕದಲ್ಲಿ ಅಂಕಿಯ ಸೊನ್ನೆ ಬಂದರೆ ಅದು ಅನುಸ್ವಾರ ಅಂತ ನಾನೇ ನಿಯಮ ಬರೆದೆ.

ಇನ್ನು ಮೂರು, ರಾಜ್‌ಕುಮಾರ್ ತರಹದ ಹೆಸರುಗಳು. ಜ್ ಆದ ಮೇಲೆ ಕು ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಸಂಖ್ಯೆ 8204. ಮೊಬೈಲ್ ಪಟ್ಟಿಯಲ್ಲಿ ಅದಿತ್ತು. ನನ್ನ ಪರಿವರ್ತಕ ಅದನ್ನು ಹಾಕಿರಲಿಲ್ಲ, ಹಾಗಾಗಿ ಕ ಹೋಗಿ ಜ ಕೆಳಗೆ ಕೂತಿತ್ತು. ಮುದ್ರಿಸಿದ ಪಟ್ಟಿಯಲ್ಲಿ ಇದು ಕಂಡಿತ್ತು, ನಾನು ಫಾಂಟ್ ದೋಷ ಅಂದುಕೊಂಡು ಬಿಟ್ಟಿದ್ದೆ.

ಇಲ್ಲಿ ಒಂದು ಎಚ್ಚರ ಬೇಕು. ಹೋಲಿಸಲು ಸುಲಭ ಅಂತ ಆ ಕಾಣದ ಗುರುತನ್ನು ಹೆಸರಿನಿಂದಲೇ ಕಿತ್ತು ಹಾಕಬೇಡಿ. ಜನರ ಹೆಸರು ವಿಕಾರವಾಗುತ್ತದೆ. ನಾನು ಎರಡು ಕಾಲಂ ಇಟ್ಟೆ. ಒಂದರಲ್ಲಿ ಹೆಸರು, ಅವರು ಬರೆದ ಹಾಗೇ. ಇನ್ನೊಂದು ಹುಡುಕಲು ಮಾತ್ರ: ಅದರಲ್ಲಿ ಎನ್‌ಎಫ್‌ಸಿ ಆಗಿರುತ್ತದೆ, ಕಾಣದ ಗುರುತು ತೆಗೆದಿರುತ್ತದೆ, ಸೊನ್ನೆ ಸರಿಯಾಗಿರುತ್ತದೆ. ಹೊಸ ಹೆಸರು ಎಲ್ಲಿಂದ ಬಂದರೂ ಒಳಗೆ ಬರುವ ಬಾಗಿಲಲ್ಲೇ ಈ ಕೆಲಸ ಆಗಬೇಕು. ಹುಡುಕುವಾಗ ಮಾಡಿಕೊಳ್ಳೋಣ ಅಂತ ಬಿಟ್ಟರೆ ಯಾವುದೋ ಒಂದು ಕಡೆ ಮರೆತೇ ಮರೆಯುತ್ತೇವೆ.

ಅಕ್ಷರದ ವಿಷಯ ಹೀಗಾಯಿತು. ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಹೆಸರು ಸಿಗದಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗು ಅಂತ ಪ್ರೋಗ್ರಾಂನಲ್ಲಿ ನಾನೇ ಬರೆದಿದ್ದೆ. ಪರೀಕ್ಷೆ ಮಾಡುವಾಗ ಅಡ್ಡ ಬರಬಾರದು ಅಂತ ಹಾಕಿದ ಸಾಲು, ತೆಗೆಯದೆ ಹಾಗೇ ಉಳಿದಿತ್ತು. ಅದು ಇಲ್ಲದಿದ್ದರೆ ಬಟವಾಡೆಗೆ ಮೊದಲೇ 58 ಹೆಸರು ಕಣ್ಣಿಗೆ ಬೀಳುತ್ತಿತ್ತು. ಲೆಡ್ಜರ್ ಬರೆಯುವವರು ಪುಟದ ಕೊನೆಯಲ್ಲಿ ಮೊತ್ತ ತಾಳೆ ನೋಡದೆ ಹಾಳೆ ತಿರುವುವುದಿಲ್ಲ. ಹಾಲಿನ ಲೆಕ್ಕದ ಒಟ್ಟು ಮೊತ್ತಕ್ಕೂ ಬ್ಯಾಂಕಿಗೆ ಹೋಗುವ ಮೊತ್ತಕ್ಕೂ ತಾಳೆ ಆಗದಿದ್ದರೆ ಈಗ ನನ್ನ ಪ್ರೋಗ್ರಾಂ ಫೈಲ್ ಕೊಡುವುದೇ ಇಲ್ಲ. ಒಂದು ರೂಪಾಯಿ ವ್ಯತ್ಯಾಸ ಇದ್ದರೂ ನಿಲ್ಲುತ್ತದೆ.

ಆಮೇಲಿನ ತಿಂಗಳುಗಳಲ್ಲಿ ಇನ್ನೂ ಕೆಲವು ಸಿಕ್ಕಿದವು. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿದಾಗ ಕಾಳಯ್ಯ ಮೊದಲು, ಕಾವೇರಮ್ಮ ಆಮೇಲೆ ಬಂದರು. "ಳ ಕೊನೇ ಅಕ್ಷರ ಅಲ್ವಾ, ಅದು ಹೆಂಗೆ ಮುಂದೆ ಬರ್ತದೆ?" ಅಂತ ಕಾರ್ಯದರ್ಶಿಗಳೇ ಹಿಡಿದರು. ಯೂನಿಕೋಡ್‌ನಲ್ಲಿ ಳ ಇರುವುದು 3251ರಲ್ಲಿ, ಲ ಪಕ್ಕ. ವ, ಶ, ಷ, ಸ, ಹ ಎಲ್ಲಾ ಅದರ ನಂತರ. ಸಂಖ್ಯೆಯ ಕ್ರಮ ನಮ್ಮ ವರ್ಣಮಾಲೆಯ ಕ್ರಮ ಅಲ್ಲ. ಜೋಡಿಸಲು ನಾನೇ ಒಂದು ಕ್ರಮದ ಪಟ್ಟಿ ಮಾಡಿಕೊಂಡೆ.

ರಸೀದಿಯಲ್ಲಿ ಜಾಗ ಕಮ್ಮಿ. ಉದ್ದದ ಹೆಸರನ್ನು 9 ಗುರುತಿಗೆ ಕತ್ತರಿಸಿದ್ದೆ. ಕೃಷ್ಣಮೂರ್ತಿ ಅನ್ನೋ ಹೆಸರಲ್ಲಿ ಕಿವಿಗೆ ಕೇಳುವ ಅಕ್ಷರ 4, ಒಳಗಿನ ಗುರುತು 11. ಕತ್ತರಿಸಿದರೆ 'ಕೃಷ್ಣಮೂರ್' ಅಂತ ನಿಂತಿತು. ಅಕ್ಷರ ಬಿಡಿಸಲು ಸಿದ್ಧವಾಗಿ ಸಿಗುವ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಬಳಸಿ ನೋಡಿದೆ, ಅದು ಷ್ ಬೇರೆ, ಣ ಬೇರೆ ಅಂತ ಒಡೆಯುತ್ತಿತ್ತು. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಎರಡೂ ಸೇರಿ ಒಂದು ಅಂತ ನಿಯಮ ಸೇರಿಸಿದ ಮೇಲೆ ಸರಿ ಹೋಯಿತು.

ಎಸ್‌ಎಂಎಸ್ ಬೆಲೆಯೂ ಪಾಠ ಕಲಿಸಿತು. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ 70 ಗುರುತು. ದಾಟಿದರೆ ಸಂದೇಶ ಭಾಗವಾಗುತ್ತದೆ, ಪ್ರತಿ ಭಾಗಕ್ಕೆ 67, ದುಡ್ಡು ಪ್ರತಿ ಭಾಗಕ್ಕೂ ಬೇರೆ. ಖರ್ಚು ಉಳಿಸಲು ಇಂಗ್ಲಿಷ್‌ನಲ್ಲೇ ಕಳಿಸಿಬಿಡೋಣ ಅಂತ ಒಬ್ಬರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಗೋವಿಂದಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕೂತು ಸಂದೇಶ ಚಿಕ್ಕದು ಮಾಡಿದೆ: "ಸಂಘದಿಂದ ನಿಮ್ಮ ಖಾತೆಗೆ ರೂ. 2,340 ಜಮಾ ಆಗಿದೆ." ಎಣಿಸಿ ನೋಡಿ, 41 ಗುರುತು. ತಾರೀಕು ಸೇರಿಸಿದರೂ ಒಂದೇ ಸಂದೇಶದಲ್ಲಿ ಹಿಡಿಸುತ್ತದೆ.

ಅವತ್ತು ಉಳಿದ 7ರಲ್ಲಿ ಇನ್ನೂ ಎರಡು ಬಾಕಿ ಇವೆ ಅಲ್ವಾ? ಒಬ್ಬರು ಒಂದು ಕಡೆ ಪುಟ್ಟಸ್ವಾಮಿ, ಇನ್ನೊಂದು ಕಡೆ ಪುಟ್ಟಸಾಮಿ. ಇನ್ನೊಬ್ಬರು ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷಮ್ಮ. ಇದಕ್ಕೆ ನಿಯಮ ಬರೆಯಲು ಹೋಗಲಿಲ್ಲ. ಅದೇ ಊರಲ್ಲಿ ನಿಜವಾಗಿಯೂ ಇನ್ನೊಬ್ಬ ಲಕ್ಷಮ್ಮ ಇರಬಹುದು, ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋಗಬಹುದು. ಅಂಥ ಹೆಸರುಗಳನ್ನು ಅಕ್ಕಪಕ್ಕ ತೋರಿಸುವ ಒಂದು ಪುಟ ಮಾಡಿಕೊಟ್ಟೆ. ಕಾರ್ಯದರ್ಶಿಗಳು ಗಂಡನ ಹೆಸರು ನೋಡುತ್ತಾರೆ, ಬೇಕಾದರೆ ಆ ಮನೆಗೆ ಒಬ್ಬರನ್ನು ಕಳಿಸುತ್ತಾರೆ. ಆಮೇಲೆ ಸದಸ್ಯತ್ವದ ಸಂಖ್ಯೆಯ ಮುಂದೆ ಖಾತೆ ಸಂಖ್ಯೆ ಬರೆದು, ಹೌದು ಅಂತ ಒತ್ತುತ್ತಾರೆ.